ಐದು ವಾಟಿನ ಆಂಪ್

ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸದೆ ಮೀಟಿದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತದೆ. ಆ ವಾದ್ಯದ ಅರ್ಧ ದನಿ ಹುಟ್ಟುವುದೇ ಆಂಪಿನಲ್ಲಿ. ಹೀಗಿದ್ದೂ ಕಲಿಯಲು ಹೊರಟವರು ಗಿಟಾರಿಗಾಗಿ ವಾರಗಟ್ಟಲೆ ಅಂಗಡಿ ಸುತ್ತಿ, ಉಳಿದ ದುಡ್ಡಿನಲ್ಲಿ ಸಿಕ್ಕಿದ ಆಂಪನ್ನು ಮನೆಗೆ ತರುತ್ತಾರೆ. ಅದರ ಬಗ್ಗೆ ಕೇಳುವುದೂ ಒಂದೇ ಪ್ರಶ್ನೆ: ಎಷ್ಟು ವಾಟ್?

ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅವರ ನಾಲ್ಕು ವರ್ಷಗಳು ನೆನಪಾಗುತ್ತವೆ. 1966ರಲ್ಲಿ ಲಂಡನ್ನಿನ ಡೆಕ್ಕಾ ಸ್ಟುಡಿಯೋದಲ್ಲಿ ಜಾನ್ ಮೇಯಲ್ ತಂಡದ ಜೊತೆ ಬ್ಲೂಸ್ ಆಲ್ಬಮ್ ಒಂದನ್ನು ಧ್ವನಿಮುದ್ರಿಸುವಾಗ ಅವರಿಗೆ ಸುಮಾರು ಇಪ್ಪತ್ತೊಂದು ವರ್ಷ. ಎದುರಿಗಿದ್ದದ್ದು ಹನ್ನೆರಡು ಇಂಚಿನ ಎರಡು ಸ್ಪೀಕರ್‌ಗಳ ಮಾರ್ಷಲ್ ಆಂಪ್. ಸ್ಟುಡಿಯೋದೊಳಗೆ ಸೌಂಡು ತಗ್ಗಿಸಿ ನುಡಿಸುವುದು ಅಂದಿನ ರೂಢಿ. ಕ್ಲಾಪ್ಟನ್ ಅದಕ್ಕೆ ಒಪ್ಪಲಿಲ್ಲ. ವೇದಿಕೆಯ ಮೇಲೆ ಎಷ್ಟು ಜೋರೋ ಇಲ್ಲಿಯೂ ಅಷ್ಟೇ ಜೋರು ಬೇಕು ಎಂದು ಹಟ ಹಿಡಿದರು.

ಹಟಕ್ಕೆ ಕಾರಣವಿತ್ತು. ವಾಲ್ವ್ ರೇಡಿಯೋ ಇದ್ದ ಮನೆಯವರಿಗೆ ಇದು ಬೇಗ ಅರ್ಥವಾದೀತು, ಆ ಆಂಪಿನಲ್ಲೂ ಸದ್ದು ಹಿಗ್ಗಿಸುತ್ತಿದ್ದದ್ದು ವಾಲ್ವ್‌ಗಳೇ. ವಾಲ್ವ್ ತನ್ನ ಮಿತಿಯೊಳಗೆ ಕೆಲಸ ಮಾಡುವಾಗ ಬಂದ ಸದ್ದನ್ನು ಹಾಗೆಯೇ ಹಿಗ್ಗಿಸಿ ಕೊಡುತ್ತದೆ. ಮಿತಿ ಮುಟ್ಟಿದಾಗ ಸದ್ದಿನ ಅಲೆಯ ತುದಿಗಳು ಮೊಟಕಾಗಿ, ಮೂಲ ಸ್ವರದಲ್ಲಿ ಇರದಿದ್ದ ಮೇಲಿನ ಸ್ವರಾಂಶಗಳು ಬಂದು ಸೇರುತ್ತವೆ. ರೇಡಿಯೋ ಎಂಜಿನಿಯರಿಗೆ ಅದು ದೋಷ. ಗಿಟಾರ್ ವಾದಕನಿಗೆ ಅದೇ ವರ: ಸ್ವರ ದಪ್ಪವಾಗುತ್ತದೆ, ಬೇಗ ಸಾಯದೆ ಪಿಟೀಲಿನ ಕಮಾನು ಎಳೆದಷ್ಟು ಹೊತ್ತು ನಿಲ್ಲುತ್ತದೆ. ಆಂಪನ್ನು ಅಷ್ಟು ದೂರ ದೂಡದಿದ್ದರೆ ಆ ದನಿ ಬರುವುದಿಲ್ಲ ಎಂಬುದು ಕ್ಲಾಪ್ಟನ್‌ಗೆ ಗೊತ್ತಿತ್ತು.

ಆ ಮಾರ್ಷಲ್ ಆಂಪ್ ಹುಟ್ಟಿದ್ದೂ ವಾದಕರ ಒತ್ತಾಯದಿಂದಲೇ. ಜಿಮ್ ಮಾರ್ಷಲ್ ಡ್ರಮ್ಸ್ ನುಡಿಸುತ್ತಿದ್ದವರು, ಕಲಿಸುತ್ತಿದ್ದವರು. 1960ರಲ್ಲಿ ಪಶ್ಚಿಮ ಲಂಡನ್ನಿನ ಹ್ಯಾನ್ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟರು. ಅಲ್ಲಿಗೆ ಬರುತ್ತಿದ್ದ ಗಿಟಾರ್ ಹುಡುಗರಿಗೆ ಅಮೆರಿಕದ ಫೆಂಡರ್ ಆಂಪ್ ಬೇಕಿತ್ತು, ಆದರೆ ಆಮದು ಮಾಲಿನ ಬೆಲೆ ಕೈಗೆಟುಕುತ್ತಿರಲಿಲ್ಲ. ಆಗ ಮಾರ್ಷಲ್ ಮತ್ತು ಅವರ ತಂತ್ರಜ್ಞರು ಫೆಂಡರಿನ ಬಾಸ್‌ಮನ್ ಆಂಪಿನ ಸರ್ಕ್ಯೂಟನ್ನೇ ಮಾದರಿಯಾಗಿಟ್ಟುಕೊಂಡು ತಮ್ಮಲ್ಲಿ ಸಿಗುವ ಬಿಡಿಭಾಗಗಳಿಂದ, ಇಂಗ್ಲೆಂಡಿನ ಸೆಲೆಸ್ಚನ್ ಸ್ಪೀಕರ್‌ಗಳಿಂದ ಹೊಸದೊಂದನ್ನು ಕಟ್ಟಿದರು. ಸರ್ಕ್ಯೂಟ್ ಹೆಚ್ಚುಕಡಿಮೆ ಅದೇ, ದನಿ ಮಾತ್ರ ಬೇರೆ. ಬಾಸ್ ಗಿಟಾರಿಗಾಗಿ ಹುಟ್ಟಿದ ವಿನ್ಯಾಸವೊಂದು ರಾಕ್ ಸಂಗೀತದ ಗಂಟಲಾದದ್ದು ಹೀಗೆ.

ಮುಂದೆ ಕ್ರೀಮ್ ತಂಡದ ದಿನಗಳಲ್ಲಿ ಕ್ಲಾಪ್ಟನ್ ಬೆನ್ನ ಹಿಂದೆ ನೂರು ವಾಟಿನ ಮಾರ್ಷಲ್‌ಗಳು ಆಳೆತ್ತರ ನಿಂತವು. ಆದರೆ 1968ರಲ್ಲಿ ದ ಬ್ಯಾಂಡ್ ಎಂಬ ತಂಡದ ಮೊದಲ ಆಲ್ಬಮ್ ಕೇಳಿದ ಮೇಲೆ ಅವರ ಮನಸ್ಸು ತಿರುಗಿತು. ಅಬ್ಬರವಿಲ್ಲದ, ಹಾಡಿಗೆ ಎಷ್ಟು ಬೇಕೋ ಅಷ್ಟೇ ನುಡಿಸುವ ಸಂಗೀತ ಅದು. ಅದನ್ನು ಕೇಳಿದ ಕಿವಿಗೆ ಕ್ರೀಮ್‌ನ ದೀರ್ಘ ಸೆಣಸಾಟ ರುಚಿಸದಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. 1970ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ 'ಲೈಲಾ' ಆಲ್ಬಮ್ ತಯಾರಾಗುವಾಗ ಅವರ ಮುಂದೆ ಇದ್ದದ್ದು ಫೆಂಡರ್ ಚಾಂಪ್, ಐದೇ ವಾಟಿನದು. ಐವತ್ತರ ದಶಕದ ಚಾಂಪಿಗೆ ವಾಲ್ಯೂಮ್ ಬಿಟ್ಟರೆ ಬೇರೆ ನಾಬ್ ಕೂಡ ಇರಲಿಲ್ಲ. ವಿದ್ಯಾರ್ಥಿಗಳಿಗೆಂದೇ ಮಾಡಿದ್ದ ಆಂಪ್ ಅದು. ಅದನ್ನು ಪೂರ್ತಿ ತಿರುಗಿಸಿದರೂ ಕೋಣೆಯ ಗೋಡೆ ನಡುಗುವುದಿಲ್ಲ, ಆದರೆ ವಾಲ್ವ್ ಮಿತಿ ಮುಟ್ಟಿ ಹಾಡತೊಡಗುತ್ತದೆ.

ಮೊದಲು ಬದಲಾದದ್ದು ಅಭಿರುಚಿ, ಆಮೇಲೆ ಆಂಪ್ ಎಂಬುದೇ ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು. ನಮ್ಮಲ್ಲಿ ಅನೇಕರು ಇದನ್ನು ತಲೆಕೆಳಗು ಮಾಡುತ್ತಾರೆ. ದೊಡ್ಡ ಆಂಪ್ ತಂದರೆ ನುಡಿಸುವಿಕೆಯೂ ಬೆಳೆದೀತು ಎಂದು ಕಾಯುತ್ತಾರೆ. ವಾಟಿನ ಲೆಕ್ಕವೂ ನಾವು ಅಂದುಕೊಂಡಂತಿಲ್ಲ. ಅದೇ ಬಗೆಯ ಸ್ಪೀಕರ್‌ನಲ್ಲಿ ಹತ್ತು ವಾಟಿಗಿಂತ ನೂರು ವಾಟ್ ಕಿವಿಗೆ ಹತ್ತರಷ್ಟಲ್ಲ, ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಅಪಾರ್ಟ್‌ಮೆಂಟಿನ ಮಲಗುವ ಕೋಣೆಯಲ್ಲಿ ನೂರು ವಾಟಿನ ವಾಲ್ವ್ ಆಂಪಿನ ನಾಬ್ ಒಂದರಿಂದ ಎರಡಕ್ಕೆ ಹೋಗುವಷ್ಟರಲ್ಲಿ ಮೇಲಿನ ಮನೆಯವರು ಬಾಗಿಲು ಬಡಿಯುತ್ತಾರೆ. ಅದರ ನಿಜವಾದ ದನಿಯನ್ನು ಮಾಲೀಕ ಒಂದು ದಿನವೂ ಕೇಳಿರುವುದಿಲ್ಲ.

ಹೊಸಬರು ಎಲ್ಲಕ್ಕಿಂತ ಮೊದಲು ಮನಸೋಲುವುದು ಆಂಪಿನ ದನಿಯನ್ನು ಒರಟಾಗಿಸುವ ಗೇನ್ ನಾಬಿಗೆ. ಅದನ್ನು ಪೂರ್ತಿ ಏರಿಸಿದರೆ ಮೆಲ್ಲನೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಗಿಟಾರಿನಲ್ಲಿ ಹ್ಯಾಮರ್-ಆನ್ ಎಂಬುದೊಂದಿದೆ: ಬಲಗೈಯಿಂದ ಮೀಟದೆ, ಎಡಗೈ ಬೆರಳನ್ನು ತಂತಿಯ ಮೇಲೆ ರಭಸದಿಂದ ಊರಿಯೇ ಮುಂದಿನ ಸ್ವರ ಹುಟ್ಟಿಸುವುದು. ಗೇನ್ ಜೋರಿದ್ದರೆ ಬೆರಳು ಸೋತರೂ ಸ್ವರ ಭೋರ್ಗರೆಯುತ್ತದೆ. ಗೇನ್ ಇಳಿಸಿ ಶುಚಿಯಾದ ದನಿಯಲ್ಲಿ ಅದನ್ನೇ ನುಡಿಸಿ ನೋಡಬೇಕು. ಎರಡನೆಯ ಸ್ವರ ಅರ್ಧಕ್ಕೆ ಅರ್ಧ ಸಣ್ಣದಾಗಿ, ಕೆಲವೊಮ್ಮೆ ಬರೀ ಟಕ್ ಎಂಬ ಸದ್ದಾಗಿ ಕೇಳುತ್ತದೆ. ಕಿರುಬೆರಳಿನಲ್ಲಂತೂ ಹೇಳುವುದೇ ಬೇಡ. ಆದ್ದರಿಂದ ಮೊದಲ ಆಂಪಿಗೆ ಒಳ್ಳೆಯ ಶುಚಿಯಾದ ದನಿ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಮಿಕ್ಕದ್ದೆಲ್ಲ ಆಮೇಲೆ. ಕೈ ಪಳಗಿದಂತೆ ಹುಡುಗರು ಯಾರೂ ಹೇಳದೆಯೇ ಗೇನ್ ಇಳಿಸುತ್ತ ಬರುವುದನ್ನು ಗಮನಿಸಿದ್ದೇನೆ. ತಮ್ಮ ಬೆರಳಿನ ಒತ್ತಡದಿಂದಲೇ ದನಿ ಮೆದುವಾಗುವುದು, ಗಡುಸಾಗುವುದು ಅವರಿಗೆ ಹಿಡಿಸತೊಡಗಿರುತ್ತದೆ. ಆ ಹಂತಕ್ಕೆ ಬಂದವರು ಗಿಟಾರಿನ ವಾಲ್ಯೂಮನ್ನೇ ಹತ್ತರಿಂದ ಐದಕ್ಕೆ ಇಳಿಸಿ ನೋಡಬೇಕು. ಒಳ್ಳೆಯ ವಾಲ್ವ್ ಆಂಪ್ ಆ ಒಂದೇ ಬದಲಾವಣೆಗೆ ತನ್ನ ಒರಟುತನ ಬಿಟ್ಟು ತಿಳಿಯಾಗುತ್ತದೆ.

ಹತ್ತಾರು ಹೆಸರಾಂತ ಆಂಪ್‌ಗಳ ದನಿಯನ್ನು ಅನುಕರಿಸುವ ಡಿಜಿಟಲ್ ಆಂಪ್‌ಗಳು ಈಗ ಮಧ್ಯಮ ವರ್ಗದ ಕೈಗೂ ಎಟುಕುತ್ತವೆ. ಬಾಸ್ ಕಂಪನಿಯ ಕಟಾನಾದಂಥ ಐವತ್ತು ವಾಟಿನ ಆಂಪನ್ನು ಅರ್ಧ ವಾಟಿಗೆ ಇಳಿಸಬಹುದು, ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿಯಲ್ಲೂ ನುಡಿಸಬಹುದು. ಕಲಿಯುವವರಿಗೆ ಇದು ದೊಡ್ಡ ಉಪಕಾರ. ತೊಂದರೆ ಒಂದೇ, ದನಿಗಳನ್ನು ಬದಲಿಸುತ್ತ ಕೂತರೆ ಸಂಜೆ ಕಳೆದುಹೋಗುತ್ತದೆ. ಒಂದು ದನಿಯನ್ನು ಆರಿಸಿಕೊಂಡು ಕೆಲವು ತಿಂಗಳು ಅದರಲ್ಲೇ ಇರುವ ತಾಳ್ಮೆ ಬೇಕು.

ಎರಡನೆಯ ಆಂಪ್ ಯಾವಾಗ ಕೊಳ್ಳುವುದು? ಮೊದಲನೆಯದರಲ್ಲಿ ಏನು ಸಾಲದು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಬಂದಾಗ. 'ಕೆಳಗಿನ ತಂತಿಗಳು ಮಬ್ಬಾಗಿ ಕೇಳುತ್ತವೆ' ಎಂದೋ 'ಡ್ರಮ್ಸ್ ಬಂದರೆ ನನ್ನದು ಮುಳುಗುತ್ತದೆ' ಎಂದೋ ಹೇಳಬಲ್ಲವರಿಗೆ ಅಂಗಡಿಯವರ ಮಾತಿನ ಹಂಗಿಲ್ಲ. 'ಸೌಂಡು ಸರಿ ಇಲ್ಲ' ಎನ್ನುವವರು ಇನ್ನಷ್ಟು ಕಾಲ ಕೇಳಲಿ. ಬೆಂಗಳೂರಿನಂಥ ಊರಿನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮ್‌ಗಳಿವೆ, ಒಂದೊಂದರಲ್ಲೂ ಒಂದೊಂದು ಬಗೆಯ ಆಂಪ್. ಡ್ರಮ್ಸ್ ನುಡಿಸುವ ಗೆಳೆಯನನ್ನು ಜೊತೆಗೆ ಕರೆದೊಯ್ದು, ತಮ್ಮದೇ ಗಿಟಾರಿನಲ್ಲಿ, ಚೆನ್ನಾಗಿ ಬಲ್ಲ ಹಾಡೊಂದನ್ನು ಅಲ್ಲಿ ನುಡಿಸಬಹುದು. ಹದಿನೈದಿಪ್ಪತ್ತು ವಾಟಿನ ವಾಲ್ವ್ ಆಂಪ್ ಡ್ರಮ್ಸ್ ಪಕ್ಕದಲ್ಲಿ ನಿಲ್ಲಬಲ್ಲದು ಎಂಬುದು ಅವರಿಗೆ ಅಲ್ಲಿಯೇ ತಿಳಿಯುತ್ತದೆ.