ಗರ್ಭಸ್ಥ ಶಿಶುವಿನ ದೋಷವೂ ಪೂರ್ವಕರ್ಮದ ಮಾತೂ

ಮಿದುಳು ಪೂರ್ಣವಾಗಿ ರೂಪುಗೊಳ್ಳದೆ, ಅಥವಾ ಬೆನ್ನುಹುರಿಯ ಮೇಲಣ ಎಲುಬು ಕೂಡಿಕೊಳ್ಳದೆ ಶಿಶುವೊಂದು ಜನಿಸಿದ ಮನೆಯಲ್ಲಿ ಮೊದಲು ಕೇಳಿಬರುವುದು ‘ಯಾರ ಕರ್ಮವೋ’ ಎಂಬ ಮಾತು. ಆಮೇಲೆ ಅದು ಮೆಲ್ಲನೆ ತಾಯಿಯ ಕಡೆಗೆ ತಿರುಗುತ್ತದೆ. ಗ್ರಹಣಕಾಲದಲ್ಲಿ ಹೊರಗೆ ಬಂದಳೆ? ನಾಗನಿಗೆ ಸಲ್ಲಬೇಕಾದುದು ಸಲ್ಲದೆ ಹೋಯಿತೆ? ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಹೀಗೆ ಕೇಳದ ನೆರೆಕರೆಯು ಅಪರೂಪ.

ಇಂತಹ ಜನನಗಳಾದರೋ ಅಷ್ಟೇನೂ ಅಪರೂಪವಲ್ಲ. ಭಾರತದಲ್ಲಿ ನಡೆದ ಗಣನೆಗಳನ್ನು ಒಟ್ಟುಗೂಡಿಸಿ ನೋಡಿದರೆ, ಸಾವಿರ ಜನನಗಳಲ್ಲಿ ಸುಮಾರು 4ಕ್ಕೆ ನರನಾಳವು ಮುಚ್ಚದ ದೋಷವಿರುತ್ತದೆ. ತಲೆಯಲ್ಲಿ ನೀರು ತುಂಬುವುದೇ ಮೊದಲಾದುವುಗಳ ಲೆಕ್ಕ ಬೇರೆ. ಈ ನಾಳವು ಮುಚ್ಚುವುದು ಗರ್ಭ ನಿಂತ 28 ದಿನಗಳೊಳಗೆ. ಎಂದರೆ, ಅನೇಕ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂದು ತಿಳಿಯುವುದಕ್ಕೂ ಮೊದಲು. ಕಾರಣವು ಕಾರ್ಯಕ್ಕಿಂತ ಪೂರ್ವದಲ್ಲಿರಬೇಕೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಆರನೆಯ ತಿಂಗಳ ಗ್ರಹಣವು ಮೊದಲ ತಿಂಗಳಲ್ಲಿ ಆಗಿಹೋದುದನ್ನು ಕೆಡಿಸುವುದೆಂತು? ಇಂತಹ ಶಿಶುವನ್ನು ಒಮ್ಮೆ ಹೆತ್ತ ಸ್ತ್ರೀಯರು ಮತ್ತೆ ಗರ್ಭ ಧರಿಸುವ ಮೊದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ, ದೋಷವು ಮರುಕಳಿಸುವುದು ನೂರಕ್ಕೆ ಎಪ್ಪತ್ತರಷ್ಟು ತಗ್ಗುವುದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 1991ರಲ್ಲಿಯೇ ತೋರಿಸಿತು. ಒಂದು ಗುಳಿಗೆಗೆ ಮಣಿಯುವ ಪೂರ್ವಕರ್ಮವು ಎಂತಹ ಕರ್ಮ!

ಮಹಾಭಾರತದ ಅಷ್ಟಾವಕ್ರನ ಕಥೆಯನ್ನು ಎಲ್ಲರೂ ಬಲ್ಲರು. ತನ್ನ ಅಧ್ಯಯನವನ್ನು ಆಕ್ಷೇಪಿಸಿದ ಗರ್ಭಸ್ಥ ಶಿಶುವನ್ನು ತಂದೆಯಾದ ಕಹೋಡನೇ ಶಪಿಸಿದನು. ಎಂಟು ಕಡೆ ಡೊಂಕಾದುದು ಮಗನ ದೇಹ. ಅಲ್ಲಿ ತಾಯಿಯಾದ ಸುಜಾತೆಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಹಿರಿಯರು ಮಾಡಿದುದನ್ನು ಮಗು ಹೊತ್ತೀತೆಂಬುದನ್ನು ನಮ್ಮ ಪುರಾತನರು ಬಲ್ಲವರಾಗಿದ್ದರು.

ಈ ಸೀಮೆಯಲ್ಲಿ ಆ ಕಥೆಗೆ ಬೇರೊಂದು ಅರ್ಥವೂ ಉಂಟು. ಇಲ್ಲಿಯ ಸರಕಾರಿ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಗಡಿಯಾಚೆ, ಕಾಸರಗೋಡಿನ ಪಡ್ರೆಯಲ್ಲಿಯೂ ಹಾಗೆಯೇ. ಅಲ್ಲಿ ರೋಗಿಗಳು ಹೆಚ್ಚುತ್ತಿರುವುದನ್ನು ಮೊದಲು ಗುರುತಿಸಿದವರು ಡಾಕ್ಟರ್ ಮೋಹನಕುಮಾರರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು, ಸಿಂಪಡಣೆಯಿಲ್ಲದ ಊರಿನೊಡನೆ ಹೋಲಿಸಿ, ಪಡ್ರೆಯ ಮಕ್ಕಳಲ್ಲಿ ತೊಂದರೆಗಳು ಅಧಿಕವೆಂದು ವರದಿಯಿತ್ತಿತು. ಅದನ್ನು ಅಲ್ಲಗಳೆದವರೂ ಇದ್ದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ನಿಷೇಧಿಸಿತು.

ಗಣನೆಯು ಊರಿನ ವಿಷಯವನ್ನು ಹೇಳಬಲ್ಲುದು. ಒಂದು ಮಗುವಿನ ವಿಷಯವನ್ನು ಹೇಳಲಾರದು. ಈ ತೊಟ್ಟಿಲಲ್ಲಿರುವ ಶಿಶುವಿನ ದೋಷಕ್ಕೆ ವಿಷವು ಕಾರಣವೋ, ಆಹಾರದ ಕೊರತೆಯೋ, ವಂಶವೋ ಎಂದು ಬಹುಪಾಲು ನಿಶ್ಚಯಿಸಲಾಗದು. ಕರ್ಮದ ಮಾತು ಬಂದು ಕುಳಿತುಕೊಳ್ಳುವುದು ಈ ತೆರವಿನಲ್ಲಿಯೇ. ನ್ಯಾಯಾಲಯಕ್ಕೆ ಪ್ರಮಾಣ ಬೇಕು, ಸರಿ. ಆದರೆ ಮಗುವನ್ನು ಎತ್ತಿಕೊಳ್ಳುವುದಕ್ಕೂ ಪ್ರಮಾಣ ಬೇಕೆ?

ವಿಷಪೀಡಿತರೆಂದು ಪಟ್ಟಿಗೆ ಸೇರಿದವರಿಗೆ ಸರಕಾರದಿಂದ ಪ್ರತ್ಯೇಕ ಮಾಸಾಶನವುಂಟು. ಕೊಯಿಲ, ಕೊಕ್ಕಡಗಳಲ್ಲಿ ಹಗಲಿನ ಪಾಲನಾಕೇಂದ್ರಗಳು ಏರ್ಪಟ್ಟವು. ಅದು ನ್ಯಾಯವೇ. ಆದರೆ ಕಾರಣ ತಿಳಿಯದೆ ಪಟ್ಟಿಯಿಂದ ಹೊರಗುಳಿದ ಮಗುವಿಗೂ ಅನ್ನವನ್ನು ಅಷ್ಟೇ ಮೆತ್ತಗೆ ಕಲಸಿ ಉಣ್ಣಿಸಬೇಕು, ರಾತ್ರಿ ಅಷ್ಟೇ ಸಲ ಎದ್ದು ಮಗ್ಗುಲು ಬದಲಿಸಬೇಕು. ಆ ಮಗುವಿಗೆ ಮೂವತ್ತು ತುಂಬುವಾಗ ತಾಯಿಗೆ ಅರುವತ್ತು ಸಮೀಪಿಸಿರುತ್ತದೆ.