ಇರುಳಿನ ಭಾರ ಯಾರಿಗೆ?

ಸೌರಫಲಕ ಅಗ್ಗವಾಗಿದೆ, ಬ್ಯಾಟರಿಯ ಬೆಲೆಯೂ ಇಳಿಯುತ್ತಿದೆ. ಇನ್ನೇಕೆ ತಡ ಎಂದು ಕೇಳುವವರಿದ್ದಾರೆ. ಇದು ಕಾರ್ಯಸಾಧ್ಯವೇ ಎಂಬುದಕ್ಕೆ ಲೆಕ್ಕದ ಉತ್ತರವಿದೆ. ಯಾರಿಗೆ ಕಾರ್ಯಸಾಧ್ಯ ಎಂಬುದು ಮಾತ್ರ ನ್ಯಾಯದ ಪ್ರಶ್ನೆ.

ಮದ್ದೂರು ತಾಲೂಕಿನ ನಿಡಘಟ್ಟವನ್ನೇ ತೆಗೆದುಕೊಳ್ಳಿ. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಎರಡು ಭಾಗಗಳು ಕೂಡುವ ಊರದು. ಅಲ್ಲಿ ಒಂದು ಕಿಲೋವ್ಯಾಟ್‌ನ ಫಲಕ ಒಳ್ಳೆಯ ಬಿಸಿಲಿನ ದಿನ ನಾಲ್ಕೈದು ಯೂನಿಟ್ ಕೊಡುತ್ತದೆ. ಸೂರ್ಯ ಮುಳುಗಿದ ಮೇಲೆ? ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಅಷ್ಟರಲ್ಲಿ ನಾಲ್ಕು ದೀಪ, ಒಂದು ಫ್ಯಾನು ಇರುಳು ಕಳೆದಾವು. ಐದು ಅಶ್ವಶಕ್ತಿಯ ಪಂಪಿಗೆ ಅದು ಕಾಲು ಗಂಟೆಗೂ ಸಾಲದು. ಲಿಥಿಯಂ ಬ್ಯಾಟರಿ ಹೆಚ್ಚು ಬಾಳುತ್ತದೆ ನಿಜ, ಆದರೆ ಮೊದಲ ದಿನವೇ ಕೈತುಂಬ ಹಣ ಬೇಕು.

ಕರ್ನಾಟಕದಲ್ಲಿ ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಹೀಗಾಗಿ ರೈತನ ಪ್ರಶ್ನೆ ದರದ್ದಲ್ಲ, ಹೊತ್ತಿನದು. ಅಪರಾತ್ರಿಯಲ್ಲಿ ತ್ರೀಫೇಸ್ ಬಂದಾಗ ಟಾರ್ಚು ಹಿಡಿದು, ಹಾವು-ಚೇಳಿಗೆ ಅಂಜುತ್ತ ಕಬ್ಬಿನ ಗದ್ದೆಗೆ ಹೋಗುವವನು ಅವನು. ಬಿಸಿಲಿನ ವಿದ್ಯುತ್ತನ್ನು ಬಿಸಿಲಲ್ಲೇ ಪಂಪಿಗೆ ಕೊಟ್ಟರೆ ಬ್ಯಾಟರಿಯೇ ಬೇಡ. ತೊಟ್ಟಿಯಲ್ಲಿ ತುಂಬಿಟ್ಟ ನೀರೇ ಕೂಡಿಟ್ಟ ಬಿಸಿಲು.

ಈ ಜಿಲ್ಲೆಗೆ ಪ್ರಶ್ನೆ ಹೊಸದಲ್ಲ. 1902ರಲ್ಲಿ ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ತೊಂಬತ್ತಕ್ಕೂ ಹೆಚ್ಚು ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಹೋಯಿತು. ನಡುವಿನ ಹಳ್ಳಿಗಳು ಬುಡ್ಡಿದೀಪದಲ್ಲೇ ಉಳಿದವು. ನಮ್ಮ ಕಾಲದಲ್ಲಿ ಪಾವಗಡದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದಿತು. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಹಣದಲ್ಲಿ ಪಾಲಿರಲಿಲ್ಲ.

ಮಾಳಿಗೆಯ ಮೇಲೆ ಫಲಕ ಹಾಕಿದ ಉಳ್ಳವನು ಹಗಲು ಮಿಕ್ಕಿದ್ದನ್ನು ಜಾಲಕ್ಕೆ ಕೊಟ್ಟು ರಾತ್ರಿ ಹಿಂಪಡೆಯುತ್ತಾನೆ. ಅವನ ಪಾಲಿಗೆ ಇಡೀ ಜಾಲವೇ ಬ್ಯಾಟರಿ. ಅವನದು ತಪ್ಪೆನ್ನಲಾಗದು, ಎಲ್ಲೋ ಅಷ್ಟು ಕಲ್ಲಿದ್ದಲು ಉರಿಯದೆ ಉಳಿಯುತ್ತದೆ. ಆದರೆ ಆ ಜಾಲವನ್ನು ರಾತ್ರಿಯಿಡೀ ಕಾಯುವ ಖರ್ಚು ಮಾಳಿಗೆಯೇ ಇಲ್ಲದವರ ಮೇಲೂ, ಎಲ್ಲರ ಬೊಕ್ಕಸದ ಮೇಲೂ ಬೀಳುತ್ತದೆ. ಸತ್ತ ಬ್ಯಾಟರಿಯನ್ನು ಬರಿಗೈಯಲ್ಲಿ ಒಡೆದು ಸೀಸ ಕರಗಿಸುವ ಗುಜರಿ ಕೆಲಸಗಾರನ ಮೈಗೆ ಸೇರುವ ವಿಷ ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ.

ಆದ್ದರಿಂದ ಬ್ಯಾಟರಿ ದುಬಾರಿಯಾಗಿರುವಷ್ಟು ಕಾಲ ಅದಕ್ಕೊಂದು ಸರದಿ ಬೇಕು. ಮೊದಲು ಕಾಯಲಾಗದ್ದು: ಹೆರಿಗೆ ಕೋಣೆ, ಲಸಿಕೆಯ ಫ್ರಿಜ್ಜು, ಓದುವ ಮಗುವಿನ ದೀಪ. ಕಾಯಬಲ್ಲದ್ದು, ಅಂದರೆ ಪಂಪು, ಹಿಟ್ಟಿನ ಗಿರಣಿ, ಹಗಲಿಗೆ ಸರಿಯಲಿ. ಗ್ರಾಮಸಭೆಯಲ್ಲಿ ಫಲಕದ ದರ ಕೇಳುವ ಮೊದಲು ಈ ಸರದಿಯಲ್ಲಿ ಕೊನೆಗೆ ನಿಂತವರು ಯಾರು ಎಂದು ಕೇಳೋಣ.