ಬಾಯ್ತೆರೆದ ಮೀನು

ಹಿತ್ತಲಲ್ಲಿ ಸಿಮೆಂಟಿನ ಸಣ್ಣ ಕೊಳ ಕಟ್ಟಿಸಿ ಹತ್ತು ಗೋಲ್ಡ್‌ಫಿಶ್ ಬಿಟ್ಟಿದ್ದೆ. ಬೇಸಿಗೆಯ ಒಂದು ನಸುಕಿನಲ್ಲಿ ನೋಡಿದರೆ ಅಷ್ಟೂ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಪಾಪ, ಹಸಿದಿವೆ ಅಂದುಕೊಂಡು ಒಂದು ಹಿಡಿ ಕಾಳು ಎರಚಿದೆ. ಮರುದಿನ ಎರಡು ಹಿಡಿ. ನಾಲ್ಕನೆಯ ದಿನ ಮೂರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅವಕ್ಕೆ ಉಸಿರು ಕಟ್ಟಿತ್ತು ಎಂದು ತಿಳಿದದ್ದು ಆಮೇಲೆ. ಹಸಿರುಗಟ್ಟಿದ ನೀರಿನ ಪಾಚಿ ಹಗಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಬಳಸಿಕೊಳ್ಳುತ್ತದೆ. ಸೂರ್ಯ ಹುಟ್ಟುವ ಮುಂಚೆ ಕೊಳದಲ್ಲಿ ಆಮ್ಲಜನಕ ತೀರಾ ಕಡಿಮೆ; ನೀರು ಬೆಚ್ಚಗಿದ್ದರೆ ಇನ್ನೂ ಕಡಿಮೆ. ತಿನ್ನದೆ ಉಳಿದ ಕಾಳು ತಳದಲ್ಲಿ ಕೊಳೆಯುತ್ತ ಇದ್ದಬದ್ದದ್ದನ್ನೂ ಹೀರಿ ಅಮೋನಿಯಾ ಬಿಡುತ್ತದೆ. ಉಸಿರಿಗಾಗಿ ಬಾಯಿ ತೆರೆದವಕ್ಕೆ ನಾನು ಊಟ ಹಾಕಿ ಇನ್ನಷ್ಟು ಉಸಿರು ಕಟ್ಟಿಸಿದ್ದೆ.

ಪಶ್ಚಾತ್ತಾಪವೂ ಅಷ್ಟೇ ಕುರುಡು. ಕೊಳ ಖಾಲಿ ಮಾಡಿ, ಗೋಡೆಯ ಲೋಳೆಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ನಲ್ಲಿ ನೀರು ತುಂಬಿಸಿದೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಬದುಕಿದ್ದದ್ದೇ ಆ ಲೋಳೆಯಲ್ಲಿ. ಉಳಿದಿದ್ದನ್ನು ಕ್ಲೋರಿನ್ ನೋಡಿಕೊಂಡಿತು. ಮತ್ತೆರಡು ಮೀನು ಹೋದವು.

‘ಗೊತ್ತಿರಲಿಲ್ಲವಲ್ಲ, ಬಿಡಿ’ ಎಂದರು ಗೆಳೆಯರೊಬ್ಬರು. ಬಿಡಲಾಗಲಿಲ್ಲ. ಕೆರೆಯ ಮೀನಾಗಿದ್ದರೆ ನೀರು ಹರಿದು ಬರುವ ಕಡೆಗೆ ಈಜಿಕೊಂಡು ಹೋಗಬಹುದಿತ್ತು. ಆ ದಾರಿ ಮುಚ್ಚಿದವನು ನಾನು. ಇನ್ನೊಂದು ಜೀವದ ಊಟ, ನೀರು, ಗಾಳಿ ಎಲ್ಲವನ್ನೂ ಕೈಯಲ್ಲಿ ಇಟ್ಟುಕೊಂಡವನಿಗೆ ‘ಗೊತ್ತಿರಲಿಲ್ಲ’ ಎನ್ನುವ ಹಕ್ಕು ಎಷ್ಟು? ಅಪರಿಚಿತನಿಗೆ ಸಿಗುವ ಕ್ಷಮೆ ಅವನಿಗೆ ಸಿಗಬೇಕೇ? ನನಗೇನೋ ಸಿಗಬಾರದು ಅನ್ನಿಸುತ್ತದೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಕಾಳು ಎರಚಿದಾಗ ಅವು ಓಡಿ ಬರುತ್ತಿದ್ದದ್ದು ನನಗೆ ಖುಷಿ ಕೊಡುತ್ತಿತ್ತು. ಬೇಡವೆಂದರೂ ಎಲೆಗೆ ಮತ್ತೊಂದು ಹೋಳಿಗೆ ಹಾಕುವುದೇ ಪ್ರೀತಿ ಎನ್ನುವ ಮನೆಯಲ್ಲಿ ಬೆಳೆದವನು ನಾನು. ಬಡಿಸುವವರ ತೃಪ್ತಿಯನ್ನು ಉಣ್ಣುವವರ ಹಸಿವು ಎಂದು ತಿಳಿಯುವುದು ಸುಲಭ.

ಈಗ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಕಾಳು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು, ಅದೂ ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟದ್ದು. ಸಣ್ಣ ಪಂಪೊಂದು ರಾತ್ರಿಯಿಡೀ ನೀರನ್ನು ಎತ್ತಿ ಸುರಿಯುತ್ತದೆ. ಗೋಡೆಯ ಲೋಳೆ ಮುಟ್ಟುವುದಿಲ್ಲ. ಬಂದವರು ಕೊಳಕು ಎಂದು ಮೂಗು ಮುರಿಯುತ್ತಾರೆ.

ಮೊನ್ನೆ ಪಕ್ಕದ ಮನೆಯ ಪುಟ್ಟಿ ಹಿಡಿ ತುಂಬ ಮಂಡಕ್ಕಿ ತಂದಿದ್ದಳು. ಬೇಡ ಎಂದೆ. ಮುಖ ಬಾಡಿತು. ಅವಳ ಪಾಲಿಗೆ ನಾನು ಜಿಪುಣ. ಮರುದಿನ ನಸುಕಿನಲ್ಲಿ ಹೋಗಿ ನೋಡಿದೆ, ಕಾಳಿನ ಡಬ್ಬ ಒಳಗೇ ಬಿಟ್ಟು. ಐದೂ ಮೀನು ತಳದಲ್ಲಿ ಓಡಾಡಿಕೊಂಡಿದ್ದವು. ಒಂದೂ ಮೇಲೆ ಬರಲಿಲ್ಲ.